ಆದರ್ಶ ಮಗಳಿಗೆ ಹೊದಿಸಿದ ಶಾಲು

ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲ ಮನೆಯವರಿಗೂ ಸೇರಿದ ಬಟ್ಟೆ ಒಗೆಯುವ ಕೋಣೆಯಿದೆ. ಅಲ್ಲಿ ಬೀರುವಿನಷ್ಟು ಎತ್ತರದ ಒಂದು ಯಂತ್ರ. ಒದ್ದೆ ಬಟ್ಟೆ ನೇತುಹಾಕಿ ಬಾಗಿಲು ಮುಚ್ಚಿದರೆ ಬಿಸಿಗಾಳಿ ಊದಿ ಒಣಗಿಸುತ್ತದೆ. ಮೊನ್ನೆ ಅದರ ಬಾಗಿಲು ತೆಗೆದೆ ನೋಡಿ, ಬೆಚ್ಚಗಿನ ಹತ್ತಿಯ ವಾಸನೆ, ಸ್ವಲ್ಪ ಸೋಪು, ಸ್ವಲ್ಪ ಸುಟ್ಟ ಧೂಳು... ಎಲ್ಲ ಸೇರಿ ಮುಖಕ್ಕೆ ಬಡಿಯಿತು. ನನಗೆ ಸಿಟ್ಟು ಬಂತು. ವಾಸನೆಗೆಲ್ಲ ಯಾರಾದರೂ ಸಿಟ್ಟಾಗುತ್ತಾರೆಯೇ ಎಂದು ನೀವು ಕೇಳಬಹುದು. ನಾನು ಆಗುತ್ತೇನೆ. ವಯಸ್ಸಾದವರಿಗೆ ಅಷ್ಟು ಹಕ್ಕಿದೆ.

ಆ ವಾಸನೆಯ ಜೊತೆಗೆ ನೆನಪಾಗಿ ಬಂದವಳು ಹಿಂದೆ ನಮ್ಮ ಮೇಲಿನ ಮನೆಯಲ್ಲಿದ್ದ ಹುಡುಗಿ.

ಮೊದಲು ನನ್ನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ, ಏಕೆಂದರೆ ನನಗೆ ಅದು ಇಷ್ಟದ ವಿಷಯ. ಸ್ವೀಡನ್ನಿನ ಈ ವೆಸ್ಟೆರಾಸ್ ಊರಿಗೆ ನಾನು ಬಂದಾಗ ಇಲ್ಲಿ ಕೊತ್ತಂಬರಿ ಸೊಪ್ಪು ಸಿಗುತ್ತಿರಲಿಲ್ಲ. ಟ್ರಾನ್ಸ್‌ಫಾರ್ಮರ್ ಮಾಡುವ ಕಂಪನಿಯಲ್ಲಿ ಇಂಜಿನಿಯರಾಗಿದ್ದೆ. ಈ ದೇಶದ ಅರ್ಧ ದೀಪಗಳು ಉರಿಯುವುದು ನನ್ನಿಂದ ಎಂದು ಹೇಳುತ್ತಾ ಬಂದಿದ್ದೇನೆ, ಇದುವರೆಗೆ ಯಾರೂ ಇಲ್ಲ ಎಂದಿಲ್ಲ. ಆದರೆ ನನ್ನ ನಿಜವಾದ ಸಾಧನೆ ಬೇರೆ. ಮೈಸೂರುಪಾಕನ್ನು ಕಣ್ಣು ಮುಚ್ಚಿಕೊಂಡೇ ತಿನ್ನಬೇಕು, ಅದು ನಮ್ಮಲ್ಲಿನ ಸಂಪ್ರದಾಯ ಎಂದು ಆಫೀಸಿನ ಸ್ವೀಡಿಷರಿಗೆ ಒಮ್ಮೆ ಫಿಕಾ ಎಂಬ ಕಾಫಿ ವಿರಾಮದ ಹೊತ್ತಿನಲ್ಲಿ ಹೇಳಿದ್ದೆ. ನಾನು ನಿವೃತ್ತನಾಗುವವರೆಗೂ ಇಡೀ ವಿಭಾಗ ಕಾಫಿ ಮೇಜಿನ ಸುತ್ತ ಕಣ್ಣು ಮುಚ್ಚಿ ಕೂತು ಭಕ್ತಿಯಿಂದ ಮೈಸೂರುಪಾಕು ಜಗಿಯುತ್ತಿತ್ತು. ನನ್ನ ಹೆಂಡತಿ ಬದುಕಿದ್ದಾಗ ಈ ಕಥೆಯನ್ನು ಬಂದವರಿಗೆಲ್ಲ ಹೇಳಿ ತಲೆ ಚಚ್ಚಿಕೊಳ್ಳುತ್ತಿದ್ದಳು.

ಇಂಥ ನನಗೆ ಸಾಟಿಯಾಗಿ ನಿಂತವಳು ಆ ಹುಡುಗಿ ಒಬ್ಬಳೇ. ಬೆಂಗಳೂರಿನಿಂದ ಬಂದ ಕುಟುಂಬ. ಬಂದಾಗ ಅವಳು ಪುಟ್ಟ ಮಗು, ಡಾಗಿಸ್ ಎಂಬ ಶಿಶುವಿಹಾರಕ್ಕೆ ಹೋಗಿ ಸ್ವೀಡಿಷ್ ಕಲಿತು, ಕನ್ನಡದಲ್ಲಿ ಮಾತಾಡಿಸಿದರೆ ಸ್ವೀಡಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಲಿಫ್ಟಿನಲ್ಲಿ ಸಿಕ್ಕಾಗ ನಾನು ಗಂಭೀರ ಮುಖ ಮಾಡಿ, "ನಿಮ್ಮ ಮನೆಯಿಂದ ನಮ್ಮ ಮನೆಗೆ ಆನೆ ನಡೆದ ಹಾಗೆ ಶಬ್ದ ಬರ್ತಿದೆ" ಅಂದರೆ, "ನಿಮ್ ಕಿವಿ ಟೆಸ್ಟ್ ಮಾಡಿಸ್ಕೊಳ್ಳಿ ಅಂಕಲ್, ಆ ವಯಸ್ಸಿಗೆ ಬಂದ್ರಿ" ಎಂದು ಸ್ವೀಡಿಷಿನಲ್ಲೇ ತಿರುಗಿಸಿ ಕೊಡುತ್ತಿದ್ದಳು. ಅಷ್ಟು ನಾಲಿಗೆ!

ಅವಳು ಇಲ್ಲಿಯ ಕಾಲೇಜಿನಲ್ಲಿ ಇಂಜಿನಿಯರಿಂಗ್ ಸೇರಿದ ಮೊದಲ ವರ್ಷವೇ ಅವಳ ಅಮ್ಮನಿಗೆ ಸ್ಟ್ರೋಕ್ ಆಯಿತು. ಬಲಗಡೆ ಕೈಕಾಲು ಬಿದ್ದುಹೋಯಿತು. ಅದಕ್ಕಿಂತ ವಿಚಿತ್ರವೆಂದರೆ ಆ ತಾಯಿಯ ಇಂಗ್ಲಿಷು, ಕಷ್ಟಪಟ್ಟು ಕಲಿತಿದ್ದ ಸ್ವೀಡಿಷು ಎರಡೂ ಒರೆಸಿದಂತೆ ಹೋದವು. ಉಳಿದದ್ದು ಕನ್ನಡ ಮಾತ್ರ, ಅದೂ ತುಂಡು ತುಂಡಾಗಿ. ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ಕೊಮ್ಯೂನಿನಿಂದ, ಅಂದರೆ ಇಲ್ಲಿಯ ನಗರಸಭೆಯಿಂದ, ಮನೆಗೆ ಸಹಾಯಕ್ಕೆ ಬರುವ ಹೆಂಗಸೊಬ್ಬಳನ್ನು ಕಳಿಸಿದರು. ಅವಳು ಪ್ರೀತಿಯಿಂದ ಕಾಫಿ ಬೇಕೇ ಎಂದು ಕೇಳಿದರೆ ಇವರು "ಬೇಡ, ನೀರು" ಅನ್ನುತ್ತಿದ್ದರು. ಅವಳು ನಗುತ್ತಾ ಕಾಫಿ ಕುಡಿಸುತ್ತಿದ್ದಳು. ಒಂದು ವಾರ ನೋಡಿ ಹುಡುಗಿಯ ಅಪ್ಪ ಅದನ್ನು ನಿಲ್ಲಿಸಿಬಿಟ್ಟರು. "ಹೊರಗಿನವರು ಬಂದು ನನ್ನ ಹೆಂಡತಿಗೆ ಸ್ನಾನ ಮಾಡಿಸೋದು ಏನು ಸರ್? ಮಗಳಿದ್ದಾಳಲ್ಲ" ಎಂದರು ನನ್ನ ಹತ್ತಿರ.

ಮಗಳಿದ್ದಾಳಲ್ಲ. ಈ ಒಂದು ಮಾತು ಕೇಳಿದರೆ ಇವತ್ತಿಗೂ ನನ್ನ ರಕ್ತ ಕುದಿಯುತ್ತದೆ. ಅಪ್ಪ ಬೆಳಗಿನ ರೈಲಿಗೆ ಸ್ಟಾಕ್‌ಹೋಮಿಗೆ ಹೋಗಿ ಸಂಜೆ ಬರುತ್ತಿದ್ದರು. ಕೆಟ್ಟ ಮನುಷ್ಯನಲ್ಲ, ದಣಿದ ಮನುಷ್ಯ. ಆದರೆ ದಣಿಯುವುದು ತನಗೊಬ್ಬನಿಗೆ ಮಾತ್ರ ಗೊತ್ತು ಎಂದುಕೊಂಡಿದ್ದರು.

ಹುಡುಗಿಯ ಕನ್ನಡ ಆ ವರ್ಷ ಬಹಳ ಸುಧಾರಿಸಿತು. ಇಲ್ಲಿಯ ನಮ್ಮ ಕನ್ನಡ ಸಂಘದ ಹೆಂಗಸರೆಲ್ಲ, "ಎಷ್ಟು ಚೆನ್ನಾಗಿ ಮಾತಾಡ್ತಾಳೆ ನೋಡಿ, ನಮ್ಮ ಮಕ್ಕಳಿಗೂ ಹೇಳಿಕೊಡಮ್ಮ" ಎಂದು ಹೊಗಳಿದರು. ಯಾವ ಕನ್ನಡ ಎಂದು ಯಾರೂ ಗಮನಿಸಲಿಲ್ಲ. ಮಗ್ಗುಲು, ನೋವು, ಜೋಮು, ಒದ್ದೆ, ನುಂಗು, ಇನ್ನೊಂದು ತುತ್ತು... ಅವಳಿಗೆ ಬರುತ್ತಿದ್ದ ಮಾತೆಲ್ಲ ಹಾಸಿಗೆಯ ಸುತ್ತಲಿನದು. ತನಗೆ ಏನಾಗುತ್ತಿದೆ ಎಂದು ಹೇಳಿಕೊಳ್ಳಲು ಅವಳಿಗೆ ಯಾವ ಭಾಷೆಯೂ ಇರಲಿಲ್ಲ.

ನನಗೆ ಅದು ಗೊತ್ತಾದದ್ದು ಕಳ್ಳತನಕ್ಕೆ ಹೋದಾಗ. ಇಲ್ಲಿ ಬಟ್ಟೆ ಒಗೆಯಲು ಮೊದಲೇ ಸಮಯ ಕಾದಿರಿಸಬೇಕು. ಬೇರೆಯವರ ಸಮಯದಲ್ಲಿ ನುಸುಳಿ ನಮ್ಮ ಬಟ್ಟೆ ಒಣಗಿಸಿಕೊಳ್ಳುವುದು ಸ್ವೀಡನ್ನಿನಲ್ಲಿ ಕೊಲೆಯ ನಂತರದ ಅಪರಾಧ. ನಾನು ಅದರಲ್ಲಿ ನಿಪುಣ. ಒಂದು ಮಧ್ಯಾಹ್ನ ನನ್ನ ಎರಡು ಬನಿಯನ್ನು ಹಿಡಿದು ನೆಲಮಾಳಿಗೆಗೆ ಇಳಿದೆ. ನೋಡಿದರೆ ಆ ಬೀರುವಿಗೆ ಬೆನ್ನು ಕೊಟ್ಟು, ನೆಲದ ಮೇಲೆ ಮೊಣಕಾಲು ಅಪ್ಪಿಕೊಂಡು ಇವಳು ಕೂತಿದ್ದಾಳೆ. ಒಗೆಯುವ ಯಂತ್ರ ಗರಗರ ತಿರುಗುತ್ತಿದೆ. ಗಾಜಿನೊಳಗೆ ಕಿತ್ತಳೆ ಬಣ್ಣದ ಒಂದೇ ಒಂದು ಬಟ್ಟೆ.

"ಇದೇನೇ ಇದು, ಜೈಲಿಂದ ತಪ್ಪಿಸ್ಕೊಂಡು ಬಂದ್ಯಾ?" ಎಂದೆ.

"ಸ್ಟೂಡೆಂಟ್ ಓವರಾಲ್ ಅಂಕಲ್. ಕಾಲೇಜಲ್ಲಿ ಎಲ್ಲರ ಹತ್ರಾನೂ ಇರತ್ತೆ. ಪಾರ್ಟಿಗೆ, ಟ್ರಿಪ್ಪಿಗೆ ಹೋದಾಗೆಲ್ಲ ಒಂದೊಂದು ಬ್ಯಾಡ್ಜ್ ಕೊಡ್ತಾರೆ, ಅದರ ಮೇಲೆ ಹೊಲ್ಕೋಬೇಕು."

"ನಿನ್ನದರ ಮೇಲೆ ಒಂದೂ ಇಲ್ವಲ್ಲ?"

"ಹೋಗಿದ್ರೆ ತಾನೆ?"

"ಹಾಕ್ಕೊಳ್ಳದೆ ಇರೋ ಬಟ್ಟೆ ಯಾಕೆ ಒಗೀತಿದೀಯ?"

ಅವಳು ಯಂತ್ರವನ್ನೇ ನೋಡುತ್ತಾ, "ಹೊಸದು ಥರ ಕಾಣಬಾರದು ಅಂತ" ಎಂದಳು. ಆಮೇಲೆ, "ನೀವು ಮತ್ತೆ ಇನ್ನೊಬ್ಬರ ಟೈಮ್ ಕದಿಯೋಕೆ ಬಂದ್ರಾ? ಸ್ವಲ್ಪನೂ ನಾಚಿಕೆ ಇಲ್ಲ ನಿಮಗೆ" ಎಂದು ನಕ್ಕಳು. ಆ ನಗು ಅರ್ಧಕ್ಕೇ ಎಲ್ಲೋ ಕಳಚಿಕೊಂಡಿತು...

ಅವತ್ತು ನಾನೂ ಪಕ್ಕದಲ್ಲಿ ನೆಲಕ್ಕೆ ಕೂತೆ. ಏಳುವುದು ಹೇಗೆಂಬ ಚಿಂತೆ ಇದ್ದರೂ ಕೂತೆ. ನಿಧಾನವಾಗಿ ಹೇಳಿದಳು. ಅಮ್ಮ ಊಟವಾಗಿ ಮಲಗಿದಾಗ ಇಲ್ಲಿಗೆ ಬರುತ್ತಾಳಂತೆ. ಒಗೆಯುವುದಕ್ಕೆ ಏನೂ ಇಲ್ಲದಿದ್ದರೂ ಸಮಯ ಕಾದಿರಿಸುತ್ತಾಳಂತೆ. ಯಾರೂ ಬಾಗಿಲು ತಟ್ಟದ, ಯಾರೂ ಕರೆಯದ ಜಾಗ ಇದೊಂದೇ. "ಏನೂ ಮಾಡಲ್ಲ ಅಂಕಲ್. ಸೌಂಡ್ ಕೇಳ್ತಾ ಕೂತಿರ್ತೀನಿ. ಕೆಲವು ಸಲ ಅಳು ಬರತ್ತೆ, ಕೆಲವು ಸಲ ಅದೂ ಬರಲ್ಲ." ಕಾಲೇಜಿನಲ್ಲಿ ಪಾಠ ಮುಗಿದ ತಕ್ಷಣ ಮನೆಗೆ ಓಡುವ ಇವಳನ್ನು ಅಲ್ಲಿಯವರು ಮೊದಮೊದಲು ಫಿಕಾಗೆ ಕರೆಯುತ್ತಿದ್ದರಂತೆ. ನಾಲ್ಕಾರು ಸಲ ಆಗಲ್ಲ ಎಂದ ಮೇಲೆ ಕರೆಯುವುದು ಬಿಟ್ಟರು. ಜಂಬದವಳು ಎಂದುಕೊಂಡಿರಬೇಕು. ಮನೆಯ ವಿಷಯ ಹೇಳಬಹುದಿತ್ತಲ್ಲ ಎಂದರೆ, "ಹೇಳಿದ್ರೆ ಪಾಪ ಅಂತಾರೆ. ನನಗೆ ಪಾಪ ಬೇಡ, ಫಿಕಾ ಬೇಕು" ಎಂದಳು.

ಅಸಲು ಸಂಕಟ ಇದಾಗಿತ್ತು: ಗುರುವಾರ ಮಧ್ಯಾಹ್ನ ಲ್ಯಾಬ್. ಹಾಜರಿ ಕಡ್ಡಾಯ. ಅಮ್ಮನ ಊಟ, ಔಷಧಿ, ವ್ಯಾಯಾಮ ಎಲ್ಲ ಅದೇ ಹೊತ್ತಿಗೆ. ಹಿಂದಿನ ಸಲ ತಪ್ಪಿಸಿಕೊಂಡು ಫೇಲಾಗಿದ್ದಳು. ಲ್ಯಾಬಿನ ಗುಂಪಿನವರು ನೀನು ಬರುವುದೇ ಇಲ್ಲ ಎಂದು ಬೇರೆಯವರನ್ನು ಸೇರಿಸಿಕೊಂಡರು. ಈ ಸಲವೂ ತಪ್ಪಿದರೆ ಮುಂದಿನ ವರ್ಷಕ್ಕೆ ಹೋಗುವ ಹಾಗಿಲ್ಲ. ಓದು ಅಲ್ಲಿಗೆ ನಿಂತಂತೆ. ಅವಳಿಗೆ ಬೇಕಿದ್ದದ್ದು ಚಿನ್ನವಲ್ಲ, ಬೆಳ್ಳಿಯಲ್ಲ. ವಾರಕ್ಕೊಂದು ಮಧ್ಯಾಹ್ನ, ಕನ್ನಡ ಬಲ್ಲ ಒಬ್ಬ ಹೆಂಗಸು. ಅಮ್ಮನನ್ನು ಬಚ್ಚಲಿಗೆ ಕರೆದುಕೊಂಡು ಹೋಗಬೇಕಲ್ಲ, ನಾನು ಗಂಡಸು ಕೂತು ಮಾಡುವುದೇನು?

ಈ ಊರಿನಲ್ಲಿ ಕನ್ನಡ ಬಲ್ಲ ಹೆಂಗಸರಿಗೆ ಬರವೇ? ಹಬ್ಬಕ್ಕೆ ಸೇರಿದರೆ ಹಾಲ್ ತುಂಬುತ್ತದೆ. ಹುಡುಗಿ ಸೊರಗಿದ್ದು ಅವರೆಲ್ಲರ ಕಣ್ಣಿಗೆ ಬಿದ್ದಿತ್ತು ಕೂಡ. ಎಲ್ಲರೂ ಸೇರಿ ಕಾಯಿಲೆಯನ್ನೂ ಪತ್ತೆ ಹಚ್ಚಿದ್ದರು: ಡಿ ವಿಟಮಿನ್ ಕಮ್ಮಿಯಾಗಿದೆ. ಚಳಿಗಾಲದ ಕತ್ತಲಲ್ಲಿ ಇಲ್ಲಿ ಎಲ್ಲರಿಗೂ ಹಾಗೇ ಆಗುತ್ತದೆ, ಮಾತ್ರೆ ತಗೋ, ಸರಿಹೋಗುತ್ತೆ. ಒಬ್ಬೊಬ್ಬರೂ ಒಂದೊಂದು ಡಬ್ಬಿ ತಂದುಕೊಟ್ಟರು. ಅವಳು ಅದನ್ನೆಲ್ಲ ಅಡುಗೆಮನೆಯ ಕಿಟಕಿಯಲ್ಲಿ ಸಾಲಾಗಿ ಜೋಡಿಸಿ, "ಅಂಗಡಿ ಇಡ್ತೀನಿ ಅಂಕಲ್, ನಿಮಗೆ ಡಿಸ್ಕೌಂಟ್" ಎಂದಿದ್ದಳು. ಸೂರ್ಯನನ್ನೇ ಡಬ್ಬಿಯಲ್ಲಿ ತಂದುಕೊಡುವಷ್ಟು ಧಾರಾಳಿಗಳು ನಮ್ಮವರು. ಒಂದು ಮಧ್ಯಾಹ್ನ ಮಾತ್ರ ಕೇಳಬಾರದು.

ಅಷ್ಟರಲ್ಲಿ ರಾಜ್ಯೋತ್ಸವ ಬಂತು. ಸಂಘದ ಅಧ್ಯಕ್ಷರಿಗೆ ಒಂದು ಘನವಾದ ಯೋಚನೆ ಹೊಳೆಯಿತು: ಈ ಹುಡುಗಿಗೆ ಸನ್ಮಾನ ಮಾಡಬೇಕು. 'ಆದರ್ಶ ಮಗಳು' ಎಂಬ ಬಿರುದು. ನಮ್ಮವರಿಗೆ ಎರಡು ಕೈ ಇರುವುದು ಶಾಲು ಹೊದಿಸಲಿಕ್ಕೆ, ಆಮೇಲೆ ಚಪ್ಪಾಳೆ ತಟ್ಟಲಿಕ್ಕೆ. ಬಾಡಿಗೆಗೆ ಪಡೆದ ಶಾಲೆಯ ಹಾಲ್‌ನಲ್ಲಿ ಅವಳನ್ನು ಕುರ್ಚಿಯ ಮೇಲೆ ಕೂರಿಸಿದರು. ಶಾಲು ಬಂತು, ಹಾರ ಬಂತು, ಬಿರುದಿನ ಫಲಕ ಬಂತು, ಹಣ್ಣಿನ ಬುಟ್ಟಿ ಬಂತು. ಅಧ್ಯಕ್ಷರ ತಲೆಯ ಅಳತೆಗೆ ತರಿಸಿದ್ದ ಮೈಸೂರು ಪೇಟ ಅವಳ ಹುಬ್ಬು ದಾಟಿ ಕಣ್ಣಿನ ಮೇಲೆ ಕೂತಿತು. ಅಧ್ಯಕ್ಷರು ಮೈಕಿನಲ್ಲಿ, "ಇಂಥ ಮಗಳು ಪ್ರತಿ ಮನೆಯಲ್ಲೂ ಹುಟ್ಟಲಿ" ಎಂದರು. ಅವರ ಮಗಳು ಆ ಹೊತ್ತಿಗೆ ಕಾರ್ಲ್‌ಸ್ಟಾಡ್ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಗೆಳತಿಯರ ಜೊತೆ ಹಾಯಾಗಿದ್ದಳು. ಮುಂದಿನ ಸಾಲಿನಲ್ಲಿ ಗಾಲಿಕುರ್ಚಿಯಲ್ಲಿ ಕೂತ ಅಮ್ಮ ಮಗಳನ್ನು ನೋಡಿ, "ಹೋಗೋಣ... ಹೋಗೋಣ..." ಎಂದು ಅಳುತ್ತಿದ್ದರು. ಆನಂದಬಾಷ್ಪ ಎಂದು ಎಲ್ಲರೂ ಫೋಟೋ ತೆಗೆದರು.

ವಂದನಾರ್ಪಣೆ ನನ್ನ ಪಾಲಿಗೆ ಬಂದಿತ್ತು. ಬಿಸಿಬೇಳೆಬಾತಿನ ಘಮ ಬಂದು ಜನ ಕುರ್ಚಿ ಸರಿಸುವ ಹೊತ್ತು, ಯಾರೂ ಕೇಳುವುದಿಲ್ಲವೆಂದೇ ಅದನ್ನು ಮುದುಕರಿಗೆ ಕೊಡುತ್ತಾರೆ. ನಾನು ಮೈಕ್ ಹಿಡಿದು ಗಂಟಲು ಸರಿಮಾಡಿಕೊಂಡೆ.

"ಬಂಧುಗಳೇ, ಒಂದು ಸಂತೋಷದ ಸುದ್ದಿ. ಈ ಮಗು ಗುರುವಾರ ಮಧ್ಯಾಹ್ನ ಲ್ಯಾಬಿಗೆ ಹೋಗಲಿ ಅಂತ, ಅವರ ತಾಯಿಯನ್ನು ಸರದಿಯಂತೆ ನೋಡಿಕೊಳ್ಳಲು ನಮ್ಮ ಅಧ್ಯಕ್ಷರ ಮನೆಯವರು, ಕಾರ್ಯದರ್ಶಿಗಳ ಮನೆಯವರು, ಖಜಾಂಚಿಗಳ ಮನೆಯವರು ತಾವಾಗಿಯೇ ಮುಂದೆ ಬಂದಿದ್ದಾರೆ. ಜೋರಾದ ಚಪ್ಪಾಳೆ!"

ಹಾಲ್ ನಡುಗುವ ಹಾಗೆ ಚಪ್ಪಾಳೆ ಬಿತ್ತು. ಅಧ್ಯಕ್ಷರ ಮುಖ ಹರಳೆಣ್ಣೆ ಕುಡಿದವರ ಹಾಗಾಯಿತು. ಎದ್ದು ನಿಂತು ಕೈ ಮುಗಿದರು, ಇನ್ನೇನು ಮಾಡುತ್ತಾರೆ! ಪೇಟದ ಕೆಳಗಿನಿಂದ ಹುಡುಗಿ ನನ್ನ ಕಡೆ ನೋಡಿ ಕೆಳತುಟಿ ಕಚ್ಚಿಕೊಂಡು ನಗು ತಡೆದಳು. ನನ್ನ ಜೀವಮಾನದ ತುಂಟತನಗಳಲ್ಲಿ ಇದಕ್ಕೆ ಮೊದಲ ಸ್ಥಾನ ಎಂದು ಆ ಕ್ಷಣ ಎದೆಯುಬ್ಬಿಸಿ ಇಳಿದೆ.

ಆದರೆ ನಮ್ಮ ಜನ ನನ್ನನ್ನೂ ಮೀರಿಸಿದರು.

ಮೊದಲ ಗುರುವಾರ ಅಧ್ಯಕ್ಷರ ಹೆಂಡತಿ ಹೇಳಿದ ಹೊತ್ತಿಗೆ ಬಂದರು. ಒಬ್ಬರೇ ಬರಲಿಲ್ಲ. ಜೊತೆಗೆ ರಜೆ ಹಾಕಿದ್ದ ಗಂಡ, ಒಬ್ಬ ತಂಗಿ, ಒಂದು ಸ್ವೀಟ್ ಬಾಕ್ಸ್. ರೇಷ್ಮೆ ಸೀರೆ ಬೇರೆ. ರೋಗಿಯನ್ನು ನೋಡಿಕೊಳ್ಳುವುದಕ್ಕೂ ನೋಡಿಕೊಂಡು ಹೋಗುವುದಕ್ಕೂ ನಮ್ಮವರಿಗೆ ವ್ಯತ್ಯಾಸ ಗೊತ್ತಿಲ್ಲ. ಸೋಫಾದ ಮೇಲೆ ಸಾಲಾಗಿ ಕೂತರು. ಬ್ಯಾಗು ಹೆಗಲಿಗೆ ಹಾಕಿ ಬಾಗಿಲಲ್ಲಿ ನಿಂತಿದ್ದ ಹುಡುಗಿಗೆ, "ಕಾಫಿ ಗೀಫಿ ಏನೂ ಮಾಡೋಕೆ ಹೋಗ್ಬೇಡಮ್ಮ" ಎಂದರು. ಈ ಮಾತಿನ ಅರ್ಥ ಏನೆಂದು ಕನ್ನಡಿಗರಿಗೆ ನಾನು ಹೇಳಬೇಕೇ? ಅವಳು ಬ್ಯಾಗು ಇಳಿಸಿದಳು. ಕಾಫಿಯಾಯಿತು. ಬರೀ ಕಾಫಿ ಕೊಡುವುದು ಹೇಗೆಂದು ಉಪ್ಪಿಟ್ಟಾಯಿತು. ಅಮ್ಮ ಒಳಗಿನಿಂದ ಕೂಗಿದಾಗ ಎದ್ದು ಹೋದವಳು ಅವಳೇ. ಬಂದವರು, "ಪಾಪ, ಎಷ್ಟು ಓಡಾಡ್ತಾಳೆ" ಎಂದು ಮೆಚ್ಚಿಕೊಂಡರು. ಕತ್ತಲಾಗುವ ಹೊತ್ತಿಗೆ ಎದ್ದು ಕುಂಕುಮ ಇಡಿಸಿಕೊಂಡು ಹೊರಟರು. ಲ್ಯಾಬು ಹೋಯಿತು.

ಮುಂದಿನ ವಾರ ಖಜಾಂಚಿಯವರ ಸಂಸಾರ, ಇಂಡಿಯಾದಿಂದ ಬಂದಿದ್ದ ಅವರ ಅತ್ತೆಮಾವನ ಸಮೇತ. ಅತ್ತೆಗೆ ಸಕ್ಕರೆ ಕಾಯಿಲೆ, ಅವರಿಗೆ ಬೇರೆ ಕಾಫಿ. ನಾನು ಸದ್ದು ಕೇಳಿ ಮೇಲಕ್ಕೆ ಹೋಗಿ ನೋಡಿದರೆ ಹುಡುಗಿ ಒಲೆಯ ಮುಂದೆ ನಿಂತಿದ್ದಾಳೆ, ಕೋಟನ್ನು ತೆಗೆದೇ ಇಲ್ಲ.

"ನೀನು ಹೋಗೇ! ನಾನು ಇವರಿಗೆ ಕಾಫಿ ಕೊಡ್ತೀನಿ, ಜೀವನಪೂರ್ತಿ ನೆನಪಿರೋ ಹಾಗೆ ಕೊಡ್ತೀನಿ" ಎಂದೆ.

"ಮನೆಗೆ ಬಂದವರನ್ನ ಬಿಟ್ಟು ಹೋದ್ರೆ ಅಪ್ಪಂಗೆ ಫೋನ್ ಹೋಗತ್ತೆ ಅಂಕಲ್." ಅವಳು ತಿರುಗಲಿಲ್ಲ. "ಅವರು ಬರದೇ ಇದ್ದಾಗ ಅಮ್ಮ ಮಲಗಿದ ಮೇಲಾದ್ರೂ ಕೆಳಗೆ ಹೋಗಿ ಕೂರ್ತಿದ್ದೆ. ಈಗ ಅದೂ ಇಲ್ಲ."

ಅವತ್ತು ನಾನು ಅಲ್ಲಿದ್ದವರಿಗೆಲ್ಲ ಮಂಗಳಾರತಿ ಎತ್ತಿದೆ. ಅತ್ತೆಮಾವನನ್ನೂ ಬಿಡಲಿಲ್ಲ. ಅವರು ಅರ್ಧ ಕುಡಿದ ಲೋಟ ಇಟ್ಟು ಎದ್ದುಹೋದರು. ಆಮೇಲೆ ಯಾರೂ ಬರಲಿಲ್ಲ. ಮುದುಕನಿಗೆ ಅರಳುಮರಳು ಎಂದು ಊರೆಲ್ಲ ಸುದ್ದಿಯಾಯಿತು. ಆಗಲಿ, ನನಗೇನು.

ನನ್ನ ತಲೆಗೆ ಇನ್ನೊಂದು ದಾರಿ ಹೊಳೆಯಿತು. ಹೇಳಿದೆನಲ್ಲ, ನನ್ನ ತಲೆ ಸಾಮಾನ್ಯವಾದದ್ದಲ್ಲ. ಕೊಮ್ಯೂನಿನ ಹೆಂಗಸನ್ನೇ ಮತ್ತೆ ಕರೆಸೋಣ. ಅವಳ ಕೈ, ನನ್ನ ಬಾಯಿ. ಗುರುವಾರ ಮಧ್ಯಾಹ್ನ ನಾನು ಹೊರಕೋಣೆಯಲ್ಲಿ ಕೂತಿರುತ್ತೇನೆ. ತಾಯಿ ಕನ್ನಡದಲ್ಲಿ ಕೇಳಿದ್ದನ್ನು ನಾನು ಸ್ವೀಡಿಷಿನಲ್ಲಿ ಕೂಗಿ ಹೇಳುತ್ತೇನೆ. ಬಚ್ಚಲಿನ ಕೆಲಸ ಅವಳದು, ಮಾತಿನ ಕೆಲಸ ನನ್ನದು. ಹುಡುಗಿ ಇದನ್ನು ಕೇಳಿ ಎಷ್ಟೋ ದಿನದ ಮೇಲೆ ನಿಜವಾಗಿ ನಕ್ಕಳು. "ಅಮ್ಮ ನೀರು ಕೇಳಿದ್ರೆ ನೀವು ಅವಳ ಹತ್ರ ಡ್ಯಾನ್ಸ್ ಮಾಡಿಸ್ತೀರ, ನಂಗೊತ್ತು" ಎಂದಳು. ಇನ್ನು ತಪ್ಪಿಸದಿದ್ದರೆ ಲ್ಯಾಬ್ ಪಾಸಾಗುವಷ್ಟು ವಾರಗಳು ಬಾಕಿ ಇದ್ದವು. ಬೇಕಾದದ್ದು ಅವಳ ಅಪ್ಪನ ಒಂದು ಹೂಂ.

ಭಾನುವಾರ ಹೋಗಿ ಅವರೆದುರು ಕೂತೆ. ತುಂಟತನವನ್ನೆಲ್ಲ ಕಟ್ಟಿಟ್ಟು, ಕೈ ಮುಗಿಯುವುದೊಂದು ಬಾಕಿ, ಹಾಗೆ ಕೇಳಿಕೊಂಡೆ. ಅವರು ಗೋಡೆಯ ಕಡೆ ಕೈ ತೋರಿಸಿದರು. ಸನ್ಮಾನದ ಫಲಕ ಅಲ್ಲಿ ತೂಗುತ್ತಿತ್ತು.

"ಸರ್, ಇಡೀ ಊರಿನ ಮುಂದೆ ಆದರ್ಶ ಮಗಳು ಅಂತ ಕರೆದು ಶಾಲು ಹೊದಿಸಿದ್ದಾರೆ. ಈಗ ನಾನು ಕೊಮ್ಯೂನಿನವರನ್ನ ಮನೆಗೆ ಕರೆಸಿದ್ರೆ ಜನ ಏನಂತಾರೆ? ಅವಳಿಗೇ ಅವಮಾನ ಅಲ್ವಾ?"

"ಅವಳು ಒಳಗೊಳಗೇ ಮುಗಿದುಹೋಗ್ತಿದ್ದಾಳೆ, ನಿಮಗೆ ಕಾಣಲ್ವೇನ್ರಿ?"

"ಅವಳು ಯಾವತ್ತೂ ನನ್ನ ಹತ್ರ ಹಾಗೆ ಹೇಳಿಲ್ಲ ಸರ್." ಅವರು ಅಮ್ಮನ ಪಕ್ಕ ಕೂತಿದ್ದ ಮಗಳ ಕಡೆ ತಿರುಗಿದರು. "ಏನಮ್ಮ, ನಿನಗೆ ಕಷ್ಟ ಆಗ್ತಿದೆಯಾ?"

ಅವಳು ಅಮ್ಮನ ಕೈಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಒತ್ತುತ್ತಿದ್ದಳು. ಅಮ್ಮ ಅವಳ ಮುಖವನ್ನೇ ನೋಡುತ್ತಿದ್ದರು. ಆ ಅಮ್ಮನೆದುರು ಯಾವ ಮಗಳು ಹೌದು ಎನ್ನುತ್ತಾಳೆ?

"ಇಲ್ಲಪ್ಪ" ಎಂದಳು.

ಎಂಥ ಬೀಗ ಜಡಿದಿದ್ದರು ನೋಡಿ! ಹೊಗಳಿಕೆಯ ಬೀಗ. ಬೈದಿದ್ದರೆ ಅವಳು ಎದುರು ಮಾತಾಡುತ್ತಿದ್ದಳು. ಆ ನಾಲಿಗೆ ನನಗೆ ಗೊತ್ತಿತ್ತು. ತಲೆಯ ಮೇಲೆ ಪೇಟ ಇಟ್ಟವರಿಗೆ ಹೇಗೆ ಎದುರು ಮಾತಾಡುವುದು? ಬೇರೆಯವರಿಗೆ ಇದೇ ಕೆಲಸ ಮಾಡಿದರೆ ಈ ದೇಶದಲ್ಲಿ ಸಂಬಳವಿದೆ, ರಜೆಯಿದೆ, ಬೆನ್ನು ನೋವಾದರೆ ಕೇಳುವವರಿದ್ದಾರೆ. ಹೆತ್ತವಳಿಗೆ ಮಾಡಿದರೆ ಒಂದು ಶಾಲು. ಅದೂ ಪಾಲಿಯೆಸ್ಟರ್.

ಲ್ಯಾಬು ಮತ್ತೆ ತಪ್ಪಿತು. ಕಾಲೇಜಿನಲ್ಲಿ ಯಾರೋ ಆಪ್ತಸಲಹೆಗಾರರು ಕರೆದು ಕೇಳಿದರಂತೆ, ಏನಾದರೂ ತೊಂದರೆಯೇ ಎಂದು. ಇಲ್ಲ ಎಂದಳಂತೆ. ಇಲ್ಲ ಎನ್ನುವುದು ಅಷ್ಟು ಹೊತ್ತಿಗೆ ಅವಳಿಗೆ ಅಭ್ಯಾಸವಾಗಿತ್ತು. ಬೇಸಿಗೆ ಬರುವ ಮೊದಲೇ ಕಾಲೇಜು ಬಿಟ್ಟಳು. ಅಪ್ಪನಿಗೆ ಮೋಲ್ನ್‌ಡಾಲ್‌ನ ಔಷಧಿ ಕಂಪನಿಯೊಂದರಲ್ಲಿ ಕೆಲಸವಾಗಿ ಮನೆ ಖಾಲಿ ಮಾಡಿಕೊಂಡು ಹೊರಟರು. ಹೊರಡುವ ದಿನ ಸಂಘದವರು ಬಂದು ಇನ್ನೊಂದು ಶಾಲು ಹೊದಿಸಿದರು! ನಾನು ಬಾಗಿಲು ಹಾಕಿಕೊಂಡು ಒಳಗೇ ಕೂತಿದ್ದೆ. ಅವಳು ಬಾಗಿಲಿನ ಅಂಚೆ ಹಾಕುವ ಕಿಂಡಿಗೆ ಬಗ್ಗಿ, "ನಿಮ್ಮ ಬನಿಯನ್ನು ಯಾರೂ ಕದ್ದಿಲ್ಲ, ಹೊರಗೆ ಬನ್ನಿ" ಎಂದು ಕೂಗಿದಳು. ಬಂದೆ. ಏನೇನೋ ಮಾತಾಡಿದೆವು... ಈಗ ನೆನಪಾಗುವುದಿಲ್ಲ.

ಇದೆಲ್ಲ ಆಗಿ ವರ್ಷಗಳೇ ಕಳೆದವು. ಮೊನ್ನೆ ನೆಲಮಾಳಿಗೆಯಿಂದ ಮೇಲೆ ಬಂದವನೇ ನಾಲ್ಕು ಜನಕ್ಕೆ ಫೋನ್ ಮಾಡಿ ಅವಳ ನಂಬರ್ ಹಿಡಿದೆ. ಎತ್ತಿದಳು. ದನಿ ದಪ್ಪವಾಗಿದೆ. ಅಮ್ಮ ಕಳೆದ ಚಳಿಗಾಲದಲ್ಲಿ ತೀರಿಕೊಂಡರಂತೆ. ನನಗೆ ಯಾರೂ ಹೇಳಿರಲಿಲ್ಲ.

"ಮತ್ತೆ ಕಾಲೇಜಿಗೆ ಸೇರಿದ್ಯೇನೇ?" ಎಂದು ಕೇಳಿದೆ.

"ಸೇರಿದ್ದೆ ಅಂಕಲ್. ಸ್ವಲ್ಪ ದಿನ ಹೋದೆ. ಎಲ್ಲರೂ ನನಗಿಂತ ತುಂಬಾ ಚಿಕ್ಕವರು. ಬ್ರೇಕಲ್ಲಿ ಎಲ್ಲಿ ಹೋಗಿ ನಿಂತ್ಕೋಬೇಕು ಅಂತಾನೇ ಗೊತ್ತಾಗ್ಲಿಲ್ಲ. ಬಿಟ್ಬಿಟ್ಟೆ. ಈಗ ಕೊಮ್ಯೂನಲ್ಲಿ ವಯಸ್ಸಾದವರ ಮನೆಗೆ ಹೋಗಿ ನೋಡ್ಕೊಳ್ಳೋ ಕೆಲಸ. ನನಗೆ ಬರೋದು ಅದೊಂದೇ ಅಲ್ವಾ."

ನಾನು ಬಿಡಲಿಲ್ಲ. "ನಾನೂ ನಿನ್ನ ಕ್ಲಾಸಿಗೇ ಅಪ್ಲಿಕೇಶನ್ ಹಾಕ್ತೀನಿ. ಬ್ರೇಕಲ್ಲಿ ಇಬ್ಬರೂ ನಿಂತ್ಕೊಳ್ಳೋಣ. ನನ್ನ ಪಕ್ಕ ನಿಂತ್ರೆ ನೀನೇ ಕ್ಲಾಸಿಗೆಲ್ಲ ಚಿಕ್ಕವಳ ಥರ ಕಾಣ್ತೀಯ" ಎಂದೆ.

ಹಳೆಯ ಹುಡುಗಿಯಾಗಿದ್ದರೆ ನನ್ನ ವಯಸ್ಸನ್ನು, ನನ್ನ ಹಲ್ಲನ್ನು, ನನ್ನ ಬೋಳುತಲೆಯನ್ನು ಒಂದೇ ಉಸಿರಿನಲ್ಲಿ ಮುಗಿಸುತ್ತಿದ್ದಳು. ಬೈಗುಳಕ್ಕೆ ಕಾದೆ.

"ನೀವು ತುಂಬಾ ಒಳ್ಳೆಯವರು ಅಂಕಲ್" ಎಂದಳು. "ಆರೋಗ್ಯ ನೋಡ್ಕೊಳ್ಳಿ. ಶಿಫ್ಟಿಗೆ ಟೈಮ್ ಆಯ್ತು."

ಒಳ್ಳೆಯವನಂತೆ, ನಾನು! ಯಾರನ್ನು ದೂರ ಇಡಬೇಕೋ ಅವರನ್ನು ಹೊಗಳಿಬಿಡಬೇಕು ಎಂಬುದನ್ನು ಅವಳಿಗೆ ಕಲಿಸಿದವರು ಯಾರೆಂದು ನನಗೆ ಗೊತ್ತು. ಫೋನಿಟ್ಟ ಮೇಲೆ ಅಡುಗೆಮನೆಯಲ್ಲಿ ನಿಂತುಕೊಂಡು ಅವರನ್ನೆಲ್ಲ ಹೆಸರು ಹಿಡಿದು, ಗಟ್ಟಿಯಾಗಿ, ಅಚ್ಚ ಕನ್ನಡದಲ್ಲಿ ಬೈದೆ. ಚೆನ್ನಾಗಿಯೇ ಬೈದೆ. ಮೇಲಿನ ಮನೆಯಲ್ಲಿ ಈಗ ಸ್ವೀಡಿಷ್ ದಂಪತಿ ಇದ್ದಾರೆ, ಸಭ್ಯ ಜನ. ಅವರಿಗೆ ಒಂದಕ್ಷರವೂ ಅರ್ಥವಾಗುವುದಿಲ್ಲ.